ಮೈಕಿನ ಮುಂದೆ ನುಂಗಿದ ಹನ್ನೊಂದು ದಿನ

ಸುಳ್ಳು ಹೇಳಿದ್ದೇನೆ. ಮಗಳ ಜೊತೆಗಿರುವ ಈ ಪರದೇಶದ ಊರಿನ ಸಭೆಯಲ್ಲಿ ಮೈಕಿನ ಮುಂದೆ ನಿಂತು, "ನಮ್ದು ಜೈಲಿನ ಮೆಟ್ಲು ಹತ್ತಿದ ವಂಶ ಅಲ್ಲ. ಅಂಥೋರ ಪಕ್ಕ ಬಾಳಕ್ಕಾಗಲ್ಲ" ಎಂದೆ. ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ನಾನು ಹನ್ನೊಂದು ದಿನ ಮಂಡ್ಯದ ಜೈಲಿನಲ್ಲಿದ್ದವಳು — ಮಗಳಿಗೂ ಗೊತ್ತಿಲ್ಲ.

ಮೂರು ವರ್ಷವಾಯಿತು. ಇಲ್ಲಿನ ಸರ್ಕಾರ ಊರೂರಿಗೂ ಹೇಳಿತ್ತು: ತಪ್ಪು ಮಾಡಿದವರನ್ನೆಲ್ಲ ಜೈಲಿಗೆ ತುಂಬಬೇಡಿ, ನಿಮ್ಮೂರಲ್ಲೇ ಮನೆ ಮಾಡಿ, ಚಟ ಬಿಡಿಸಿ, ಕೆಲಸ ಕಲಿಸಿ, ಖರ್ಚು ನಮ್ಮದು. ನಮ್ಮ ಬೀದಿಯ ಕೊನೆಯ ಖಾಲಿ ಮನೆಯನ್ನು ಅಂಥ ಹೆಂಗಸರಿಗೆಂದು ಆರಿಸಿದರು. ಆರೇ ಹಾಸಿಗೆ! ಅಷ್ಟಕ್ಕೇ ಬೀದಿಗೆ ಬೆಂಕಿ ಬಿದ್ದ ಹಾಗೆ ಆಡಿದರು.

ಪಕ್ಕದ ಮನೆಯ ಶ್ರೀನಿವಾಸ ಓಡಿ ಬಂದ. "ಅಜ್ಜಿ, ನಾವ್ ನೂರು ಜನ ಕಿರುಚಿದ್ರೂ ಒಂದೇ, ನೀವೊಬ್ರು ಮಾತಾಡಿದ್ರೂ ಒಂದೇ. ಮೀಟಿಂಗಿಗೆ ಸೀರೆ ಉಟ್ಕೊಂಡು ಬನ್ನಿ. ವಾಕರ್ ಮರೀಬೇಡಿ ಮತ್ತೆ!"

ನನಗೆ ವಾಕರ್ ಬೇಕಿರಲಿಲ್ಲ. ಮಂಡಿ ಆಪರೇಷನ್ ಆದ ಮೇಲೆ ಎಲೆನಾ ನನ್ನ ಕೈಹಿಡಿದು ನಡೆಸಿ ನಡೆಸಿ ಅದನ್ನು ಬಿಡಿಸಿದ್ದಳು. ನನಗೆ ಸ್ನಾನ ಮಾಡಿಸಲು ಬರುವವಳು ಅವಳು. ಅವಳ ಮಗಳು ಲೂಸಿಯಾಗೆ ಮಾತ್ರೆಯ ಚಟ, ಅದಕ್ಕಾಗಿ ಕಳ್ಳತನ. ಆ ಮನೆ ತೆರೆದರೆ ಜೈಲಿನ ಬದಲು ಅಲ್ಲಿಗೆ ಹೋಗಲಿ ಎಂದು ಜಡ್ಜ್ ಹೇಳಿದ್ದರು. ನನ್ನ ತಲೆ ಬಾಚುತ್ತ ಎಲೆನಾ ಹರುಕು ಇಂಗ್ಲಿಷಿನಲ್ಲಿ ಇದನ್ನೆಲ್ಲ ಹೇಳಿಕೊಂಡಿದ್ದಳು. ಗೊತ್ತಿದ್ದೂ — ವಾಕರ್ ಹಿಡಿದುಕೊಂಡೇ ಹೋದೆ.

ಮನೆ ರದ್ದಾಯಿತು. ಬೀದಿಯ ನಮ್ಮವರು ಹತ್ತಿರದ ಊರು ಮಿಲ್ಪಿಟಾಸ್‌ನಿಂದ ಮೈಸೂರು ಪಾಕು ತಂದು ಹಂಚಿದರು! ಒಬ್ಬಳಿಗೆ ಹಾಸಿಗೆ ತಪ್ಪಿಸಿದ್ದಕ್ಕೆ ಸಿಹಿ. ಮನೆ ಬೆಲೆ ಉಳಿಯಿತಂತೆ. ಥೂ! ನಾನೂ ಎರಡು ತಿಂದೆ.

ಮಾರನೆಯ ಬೆಳಿಗ್ಗೆ ಎಲೆನಾ ಬಂದಳು. "ನೋ ಹೌಸ್, ಅಜ್ಜಿ. ಲೂಸಿಯಾ ಜೈಲ್." ಅಷ್ಟು ಹೇಳಿ ನೀರಿನ ಬಿಸಿ ನೋಡಿ ನನ್ನ ಬೆನ್ನಿಗೆ ಹುಯ್ದಳು. ನಾನು ಸೋಪು ಎತ್ತಿ ಅವಳ ಕೈಗೆ ಕೊಟ್ಟೆ.

ನನ್ನ ಕಥೆ ಏನು? ಮಗಳು ಹುಟ್ಟುವ ಮೊದಲು, ಮಂಡ್ಯದ ಕಡೆಯ ನಮ್ಮ ಹಳ್ಳಿಯಲ್ಲಿ, ಗದ್ದೆಗೆ ನೀರು ಬಿಡುವ ಜಗಳದಲ್ಲಿ ಮೈದುನನ ತಲೆಗೆ ಗುದ್ದಲಿ ಕಾವಿನಿಂದ ಹೊಡೆದೆ. ತಪ್ಪು ನನ್ನದೇ. ಹನ್ನೊಂದನೆಯ ದಿನ ಊರಿನವರಿಬ್ಬರು ಜಾಮೀನಿಗೆ ನಿಂತರು. ನಾನು ಹೊರಬಂದ ಮರುದಿನವೇ ಬೀದಿಯ ಹೆಂಗಸರು ಕಳೆ ಕೀಳಲು ಕರೆದರು. ಅವರಿಗೆ ಯಾವ ಸರ್ಕಾರವೂ ಕಾಸು ಕೊಟ್ಟಿರಲಿಲ್ಲ. ಇಲ್ಲಿ ಸರ್ಕಾರವೇ ಕೊಡುತ್ತೇನೆ ಎಂದರೂ — ನಾನೇ ಬೇಡವೆಂದೆ.

ಲೂಸಿಯಾಳನ್ನು ಬಿಟ್ಟರು, ಮತ್ತೆ ಹಿಡಿದರು. ಈಗಲೂ ಒಳಗಿದ್ದಾಳೆ.

ಮುಂದಿನ ತಿಂಗಳು ಆ ಮನೆಯ ಮಾತು ಮತ್ತೆ ಸಭೆಗೆ ಬರುತ್ತದೆ. ಒಬ್ಬೊಬ್ಬರಿಗೆ ಎರಡು ನಿಮಿಷ. ಹನ್ನೊಂದು ದಿನದ ಮಾತು ಹೇಳಲು ಸಾಕು. ವಾಕರ್ ಒಯ್ಯುವುದಿಲ್ಲ. ಶ್ರೀನಿವಾಸ ಮುಖ ತಿರುಗಿಸಲಿ, ಮಗಳು ತಲೆ ತಗ್ಗಿಸಲಿ.

ಆದರೆ ನಾಳೆ ಎಲೆನಾ ಬರುತ್ತಾಳೆ. ಆ ಮನೆ ತಪ್ಪಿಸಿದ್ದು ನಾನೂ ಎಂದು ಮೊದಲು ಅವಳಿಗೆ ಹೇಳಬೇಕು — ನೀರು ಹುಯ್ಯುವ ಮೊದಲೇ. ಚೊಂಬು ಕೆಳಗಿಟ್ಟು ಹೋದರೆ, ಹೋಗಲಿ.