ಎದುರಿಗೆ ಬಂದು ಮುಖ ತೋರಿಸಿ

ನನಗೊಂದು ದೌರ್ಬಲ್ಯವಿದೆ. ಕೆಲಸ ಮಾಡುವಾಗ ಯಾರಾದರೂ ಪಕ್ಕದಲ್ಲಿ ನಿಂತು ಹೊಗಳುತ್ತಿರಬೇಕು. ಹೊಗಳಿಕೆ ನಿಂತರೆ ನನ್ನ ಕೈಯೂ ನಿಲ್ಲುತ್ತದೆ. ಓದುತ್ತಾ ಅಲ್ಲಲ್ಲಿ ನೀವು ತಲೆದೂಗಿದರೆ ಬರೆಯುವ ನನಗೂ ಹಿತ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ತನ್ನ ಕೆಲಸದ ವರಸೆಯನ್ನು ಜೊತೆಯವರಿಗೆ ಹೀಗೆ ಮುಂಚಿತವಾಗಿ ತಿಳಿಸುವ ಪಾಠ ನಾನು ಕಲಿತದ್ದು ಯುದ್ಧದ ಕಾಲದಲ್ಲಿ, ಹೊಳೆನರಸೀಪುರದ ರಾಗಿ ಉಗ್ರಾಣದಲ್ಲಿ.

ಆಗ ಸರ್ಕಾರ ಊರೂರಿನ ರಾಗಿ ತರಿಸಿ ಅಲ್ಲಿ ತುಂಬಿಸುತ್ತಿತ್ತು. ಹಗಲು ಕಾವಲಿಗೆ ನಾವು ಮೂವರು: ಕಟ್ಟಾಯದ ನಾನು, ಅರಕಲಗೂಡಿನ ಶಿವಪ್ಪ, ಚನ್ನರಾಯಪಟ್ಟಣದ ಕಡೆ ಬಾಗೂರಿನ ಕಾಳೇಗೌಡ. ನಮ್ಮ ಮೇಲೊಬ್ಬರು ಜಮಾದಾರರು. ಮೂವರಲ್ಲಿ ಚುರುಕಿನವನು ಯಾರೆಂದು ಮಾತ್ರ ಕೇಳಬೇಡಿ, ನನಗೆ ನಾಚಿಕೆಯಾಗುತ್ತದೆ.

ಮೊದಲ ದಿನ ಜಮಾದಾರರು ನಮ್ಮನ್ನು ಹುಣಸೆಮರದ ಕೆಳಗೆ ಕೂರಿಸಿ, ನಿಮ್ಮ ನಿಮ್ಮ ಸ್ವಭಾವ ನೀವೇ ಹೇಳಿಕೊಳ್ಳಿ ಎಂದರು. ಎತ್ತು ಕೊಳ್ಳುವಾಗ ಯಾವ ಮಗ್ಗುಲಿಗೆ ಕಟ್ಟಿದರೆ ಎಳೆಯುತ್ತದೆ ಎಂದು ವಿಚಾರಿಸುತ್ತೇವೆ, ಮನುಷ್ಯನನ್ನು ಮಾತ್ರ ಕೇಳದೆ ನೊಗಕ್ಕೆ ಹೂಡುವುದೇಕೆ ಎಂಬುದು ಅವರ ವಾದ. ಶಿವಪ್ಪ ಅಂಗಡಿಯವರ ಮನೆಯ ಹುಡುಗ, ಹಣೆ ತುಂಬ ವಿಭೂತಿ. ಸೋಮವಾರ ಮಧ್ಯಾಹ್ನದವರೆಗೆ ತನಗೆ ಮೌನ, ಏನಿದ್ದರೂ ಕೈಸನ್ನೆ ಎಂದ. ನಾನು ಹೊಗಳಿಕೆಯ ವಿಷಯ ಹೇಳಿ, ಗದರಿಸಿದರೆ ಮಂಡಿನೋವು ಬರುತ್ತದೆಂದೂ ಸೇರಿಸಿದೆ. ಕಾಳೇಗೌಡ ಹೆಗಲ ವಸ್ತ್ರವನ್ನು ಮೂರು ಸಲ ಮಡಚಿ ಬಿಚ್ಚಿ ಕೊನೆಗೆ ಬಾಯಿಬಿಟ್ಟ.

"ನನ್ತಾವ ಏನ್ ಯೋಳೋದಿದ್ರೂ ಎದ್ರುಗೆ ನಿಂತು ಯೋಳಿ. ಇಂದ್ಗಡೆಯಿಂದ ಕರೆದ್ರೆ ನಂಗೆ ಮರ್ವಾದೆ ಓದಂಗಾಯ್ತದೆ."

ನಮ್ಮ ಸೀಮೆಯ ಹಳೆಯ ಗುಡಿಗಳ ದ್ವಾರಪಾಲಕರನ್ನು ಕಂಡಾಗಲೆಲ್ಲ ನನಗೆ ಮರುಕ ಹುಟ್ಟುತ್ತದೆ. ಅವರದೂ ಕಾವಲಿನ ಕೆಲಸವೇ. ಬಾಗಿಲ ಆಚೀಚೆ ನೂರಾರು ವರ್ಷ ನಿಂತಿದ್ದಾರೆ, ಒಂಟಿಕಾಲು ಸೋತಿತೇನಪ್ಪ ಎಂದು ಒಬ್ಬರನ್ನೊಬ್ಬರು ಒಂದು ದಿನವೂ ಕೇಳಿದವರಲ್ಲ. ಅವರಿಗೆ ನಮ್ಮ ಜಮಾದಾರರಂಥವರು ಸಿಗಲಿಲ್ಲ.

ಇರಲಿ. ಹಿಂದಿನಿಂದ ಕರೆಯಬೇಡ ಎಂದ ಮೇಲೆ ಕರೆಯದೆ ಇರಲು ನಾನೇನು ಸನ್ಯಾಸಿಯೇ? ಮರುದಿನವೇ ಗೌಡನ ಬೆನ್ನ ಹಿಂದೆ ನಿಂತು, ಪಂಚೆ ಹರಿದಿದೆಯೆಂದು ಕೂಗಿದೆ. ತಿರುಗಲಿಲ್ಲ. ಖಾಲಿ ಡಬ್ಬ ಒಂದನ್ನು ಎತ್ತಿಹಾಕಿದೆ. ಅತ್ತ ಗಾಡಿಯಿಂದ ಬಿಚ್ಚಿ ಕಟ್ಟಿದ್ದ ಎತ್ತುಗಳು ಬೆದರಿದವು, ಗೌಡ ಬೆದರಲಿಲ್ಲ. ಆಮೇಲೆ ಅವನ ಎದುರಿಗೆ ಹೋಗಿ, ದನಿಯಿಲ್ಲದೆ ತುಟಿ ಮಾತ್ರ ಆಡಿಸಿ, ಇವತ್ತು ಬುತ್ತಿಗೆ ಏನು ಸಾರು ಎಂದೆ.

"ಉಳ್ಳಿಕಾಳ್ ಸಾರು ಕಣ," ಎಂದ, ಸಲೀಸಾಗಿ.

ನಾನು ನಕ್ಕೆ. ಅವನ ಮುಖ ಬಿಳಿಚಿತು, ನನ್ನ ನಗುವೂ ಅರ್ಧಕ್ಕೆ ನಿಂತಿತು. ಎರಡು ವರ್ಷದ ಹಿಂದಿನ ಜ್ವರದಲ್ಲಿ ಕಿವಿ ಹೋಗಿತ್ತಂತೆ. ಹೊಲವೆಲ್ಲ ಅಣ್ಣನ ಸುಪರ್ದಿನಲ್ಲಿತ್ತು. ಈ ಕೆಲಸ ಹೋದರೆ ಹೆಂಡತಿ ಮಕ್ಕಳು ಅತ್ತಿಗೆಯ ಅಡಿಗೆಮನೆ ಬಾಗಿಲಲ್ಲಿ ಕಾಯಬೇಕಾಗುತ್ತಿತ್ತು. ಕಿವುಡ ಕಾವಲುಗಾರನನ್ನು ಯಾವ ಸರ್ಕಾರ ಇಟ್ಟುಕೊಳ್ಳುತ್ತದೆ? ಯಾರಿಗೂ ಹೇಳುವುದಿಲ್ಲ ಎಂದೆ. ನಾನು ಹಾಗೆಂದದ್ದನ್ನು ಅದುವರೆಗೆ ನಂಬಿದವರಿಲ್ಲ, ಪಾಪ ಅವನು ನಂಬಿದ.

ಒಂದು ಸೋಮವಾರ ಬೆಳಿಗ್ಗೆ ಹಾಸನದಿಂದ ಸಾಹೇಬರೊಬ್ಬರು ತನಿಖೆಗೆ ಬಂದರು. ಜಮಾದಾರರು ಹಿಂದೆಯೇ ಓಡಿಬಂದರು. ಗೌಡ ಗೇಟಿಗೆ ಬೆನ್ನುಮಾಡಿ, ಮೂಟೆ ಇಳಿಸುವವರ ಮೇಲೆ ಕಣ್ಣಿಟ್ಟು ನಿಂತಿದ್ದ. ಸಾಹೇಬರು ಒಂದು ಸಲ ಕರೆದರು, ಎರಡು ಸಲ ಕರೆದರು, ಮೂರನೆಯ ಸಲ ಮರದ ಕಾಗೆಗಳು ಹಾರಿದವು. ಶಿವಪ್ಪನಿಗೆ ಮೌನದ ದಿನ. ಗಾಬರಿಯಲ್ಲಿ ಎರಡೂ ಕೈ ಬೀಸತೊಡಗಿದ. ಇವನಿಗೆ ಕಿವಿ ಕೇಳುತ್ತದೋ ಇಲ್ಲವೋ ಎಂದು ಸಾಹೇಬರು ಜಮಾದಾರರತ್ತ ತಿರುಗಿದರು. ಅಷ್ಟರಲ್ಲಿ ನಾನು ನಡುವೆ ನುಗ್ಗಿದೆ.

"ಇದು ನಮ್ ಕಾವ್ಲಿನ ಕಟ್ಲೆ ಸಾ. ಇಂದ್ಗಡೆಯಿಂದ ಕೂಗಿ ಅತ್ಲಾಗೆ ತಿರುಗ್ಸಿ, ಇತ್ಲಾಗೆ ಮೂಟೆ ಎತ್ತೋ ಜನ ಅವ್ರೆ. ಅದ್ಕೇ ಯಾರ್ ಕೂಗಿದ್ರೂ ತಿರುಗಂಗಿಲ್ಲ. ದೊಡ್ಡೋರಾಗ್ಲಿ, ಚಿಕ್ಕೋರಾಗ್ಲಿ, ಎದ್ರುಗೆ ಬಂದು ಮುಖ ತೋರಿಸ್ಬೇಕು. ಆ ಶಿವಪ್ಪ ಕೈ ಬೀಸ್ತಾ ಅವ್ನಲ್ಲ, ಎದ್ರುಗೆ ಬನ್ನಿ ಅನ್ನೋ ಸನ್ನೆ ಸಾ ಅದು."

ಜಮಾದಾರರು ನನ್ನನ್ನು ನೋಡಿದರು, ಗೌಡನ ಬೆನ್ನನ್ನು ನೋಡಿದರು. ಅವರಿಗೆ ಎಷ್ಟು ಅರ್ಥವಾಯಿತೋ ಕಾಣೆ. ಹೌದು ಸಾ, ಮೊದಲ ದಿನವೇ ಮಾತಾಡಿಕೊಂಡದ್ದು ಎಂದರು. ಸುಳ್ಳೂ ಅಲ್ಲ ನೋಡಿ. ಸಾಹೇಬರು ರಾಗಿ ಹೊಟ್ಟಿನ ಮೇಲೆ ಬೂಟು ಊರುತ್ತಾ ಸುತ್ತಿ ಬಂದು ಗೌಡನ ಎದುರು ನಿಂತರು. ಗೌಡ ಥಟ್ಟನೆ ಸಲಾಮು ಹೊಡೆದು, ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರ ಕೊಟ್ಟ. ಸಾಹೇಬರು ತನಿಖೆ ಪುಸ್ತಕದಲ್ಲಿ ನಮ್ಮ ಕಟ್ಟಳೆಯನ್ನು ಮೆಚ್ಚಿ ಬರೆದರು. ಇದನ್ನು ಎಲ್ಲ ಕಾವಲುಗಾರರೂ ಪಾಲಿಸಬೇಕೆಂದು ಹುಕುಂ ಬೇರೆ. ಅಲ್ಲಿಂದ ಮುಂದೆ ಜಮಾದಾರರು ನನ್ನನ್ನು ಬೈಯಲೂ ಇಡೀ ಅಂಗಳ ಸುತ್ತಿ ಎದುರಿಗೆ ಬರಬೇಕಾಯಿತು. ಬರುವಷ್ಟರಲ್ಲಿ ಅವರ ಸಿಟ್ಟು ಇಳಿದಿರುತ್ತಿತ್ತು.

ಆ ದಿನ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ, ತನ್ನ ಬೆನ್ನ ಹಿಂದೆ ಏನು ನಡೆಯಿತೆಂದು ಗೌಡ ಕೇಳಿದ. ಇಂಥ ಅವಕಾಶವನ್ನು ನಾನು ಬಿಡುತ್ತೇನೆಯೇ? ಸಾಹೇಬರು ನನ್ನ ಕೈ ಹಿಡಿದುಕೊಂಡದ್ದು, ಹಾಸನಕ್ಕೇ ಬಂದುಬಿಡು ಎಂದು ಅಂಗಲಾಚಿದ್ದು, ನಾನು ಗೌಡನ ಮುಖ ನೋಡಿ ಒಲ್ಲೆನೆಂದದ್ದು, ಒಂದೇ ಉಸಿರಿನಲ್ಲಿ ಸುರಿದೆ. ಗೌಡ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿ ನನ್ನ ತುಟಿಯನ್ನೇ ನೋಡುತ್ತಿದ್ದ.

"ವಸಿ ನಿಧಾನಕ್ಕೆ ಯೋಳ್ಲಾ," ಎಂದ. "ಸುಳ್ ಬಂದಾಗ ನಿನ್ ಬಾಯಿ ಬಿರ್ ಬಿರ್ನೆ ಓಡ್ತದೆ, ನಂಗೆ ತಿಳಿಯಾಕಿಲ್ಲ."

ಅವನೊಬ್ಬನ ಜೊತೆ ನಿಧಾನವಾಗಿ ಮಾತಾಡುವುದನ್ನು ಕಲಿತೆ. ನಿಧಾನವಾಗಿ ಸುಳ್ಳು ಹೇಳುವುದು ಎಷ್ಟು ಕಷ್ಟದ ಕೆಲಸ ಎಂದು ತಿಳಿಯಬೇಕಿದ್ದರೆ, ನೀವೂ ಒಂದು ಸಲ ಪ್ರಯತ್ನಿಸಿ ನೋಡಿ.