ಕಹಿಗೆಡ್ಡೆಯ ಗಂಜಿ

ಕುವೈತಿನ ಶುಐಬಾದ ಆಗಸ್ಟ್ ತಿಂಗಳನ್ನು ನೆನೆಸಿಕೊಂಡರೆ ಈಗಲೂ ನನಗೆ ಕೂತಲ್ಲೇ ಸುಸ್ತಾಗುತ್ತದೆ. ಅಲ್ಲಿನ ಒಂದು ಸ್ಥಾವರದಲ್ಲಿ ನಾನು ವೆಲ್ಡಿಂಗ್ ಇನ್‌ಸ್ಪೆಕ್ಟರ್ ಆಗಿದ್ದೆ. ಬೆಸೆದ ಪೈಪುಗಳ ಎಕ್ಸ್‌ರೇ ಫಿಲ್ಮನ್ನು ದೀಪಕ್ಕೆ ಹಿಡಿದು ನೋಡುವುದು, ಒಳಗೆ ಗುಳ್ಳೆ ಕಂಡರೆ ಕೆಂಪು ಪೆನ್ನಿನಲ್ಲಿ ಗೀಟು ಹಾಕುವುದು, ಇಷ್ಟೇ ಕೆಲಸ. "ಮಂದಿ ತಪ್ಪು ಹುಡುಕಿ ಪಗಾರ ತಗೊಳ್ಳೋರು ನೀವೊಬ್ಬರ ನೋಡ್ರಿ" ಎಂದು ಹೆಂಡತಿ ಚುಡಾಯಿಸುತ್ತಿದ್ದಳು. ಬಾಗಲಕೋಟೆ ಕಡೆಯವಳು, ಮಾತಿಗೆ ಖಾರ ಸ್ವಲ್ಪ ಜಾಸ್ತಿ.

ನಮ್ಮಲ್ಲಿ ವೆಲ್ಡರುಗಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಪ್ರತಿಯೊಬ್ಬನಿಗೂ ಒಂದು ನಂಬರು; ತಾನು ಬೆಸೆದ ಜಾಯಿಂಟಿನ ಪಕ್ಕದಲ್ಲಿ ಅದನ್ನು ಬರೆಯಬೇಕು. ನಲವತ್ತೇಳು ಅಂದರೆ ವಿಯೆಟ್ನಾಮಿನವನು. ಕುಳ್ಳ, ಮೂವತ್ತು ದಾಟಿದವನು, ಮಾತು ಕಡಿಮೆ. ಒಂದು ವರ್ಷ ಅವನ ಒಂದು ಜಾಯಿಂಟೂ ಕೆಟ್ಟಿರಲಿಲ್ಲ. ಆ ಆಗಸ್ಟಿನಲ್ಲಿ ಒಂದೇ ದಿನದ ಮೂರು ಜಾಯಿಂಟುಗಳಲ್ಲಿ ಗುಳ್ಳೆ ಕಂಡವು. ಮೂರು ಕೆಟ್ಟರೆ ವೆಲ್ಡರನ್ನು ಕೆಲಸದಿಂದ ಇಳಿಸಬೇಕು ಎಂಬುದು ನಮ್ಮ ಸೈಟಿನ ನಿಯಮ.

ಅವನು ನನ್ನ ಮೇಜಿನ ಹತ್ತಿರ ಬಂದು, "ಸರ್, ಓವನ್..." ಎಂದು ಏನೋ ಹೇಳಲು ನೋಡಿದ. ವೆಲ್ಡಿಂಗ್ ರಾಡುಗಳನ್ನು ಬಿಸಿ ಓವನ್ನಿನಲ್ಲೇ ಇಟ್ಟಿರಬೇಕು. ಸಮುದ್ರದ ತೇವ ಕುಡಿದರೆ ಎಂಥ ಪಳಗಿದ ಕೈಯ ಬೆಸುಗೆಯೂ ಗುಳ್ಳೆಗಟ್ಟುತ್ತದೆ. ನಾನು ಎದ್ದು ಸ್ಟೋರಿಗೆ ಹೋಗಿ ಓವನ್ ಮುಟ್ಟಿ ನೋಡಬೇಕಿತ್ತು. ಸ್ಟೋರು ಇನ್ನೂರು ಹೆಜ್ಜೆ ದೂರ. ಹೊರಗೆ ಬಿಸಿಲು ಕುದಿಯುತ್ತಿತ್ತು, ಹೆಲ್ಮೆಟ್ಟಿನೊಳಗೆ ತಲೆ ಬೇಯುತ್ತಿತ್ತು. "ಖಲಾಸ್, ಖಲಾಸ್" ಎಂದು ಕೈ ಬೀಸಿ, ಅವನನ್ನು ಇಳಿಸುವ ಕಾಗದಕ್ಕೆ ಸಹಿ ಹಾಕಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಮರುದಿನ ಸ್ಟೋರಿಗೆ ಹೋದಾಗ ಓವನ್ನಿನ ಪ್ಲಗ್ ಕಿತ್ತಿತ್ತು. ಅದೇ ಪ್ಲಗ್ ಪಾಯಿಂಟಿನಲ್ಲಿ ಫ್ಯಾನು ತಿರುಗುತ್ತಿತ್ತು. ಸ್ಟೋರಿನವನು ನಮ್ಮ ಕಡೆಯವ, ಶುಕ್ರವಾರ ನಮ್ಮ ಮನೆಗೆ ರೊಟ್ಟಿ ಉಣ್ಣಲು ಬರುವವ.

"ಮೊನ್ನಿಯಿಂದ ತಗದೇನ್ರಿ ಸರ್. ಸೆಕಿ ತಡಕೊಳ್ಳಾಕ ಆಗಲಿಲ್ಲ. ಯಾರ ಮುಂದೂ ಹೇಳಬ್ಯಾಡ್ರಿ, ಮನಿಗೆ ಕಳಸ್ತಾರ" ಎಂದ.

ನಾನು ಹೇಳಲಿಲ್ಲ. ಹೇಳಿದರೆ, ನೋಡದೆ ಸಹಿ ಹಾಕಿದ ನನ್ನ ಬುಡಕ್ಕೂ ಬರುತ್ತಿತ್ತು. ನಲವತ್ತೇಳು ಹೆಲ್ಪರ್ ಆದ. ಬೇರೆಯವರು ಬೆಸೆಯುವ ಪೈಪುಗಳನ್ನು ಹೆಗಲ ಮೇಲೆ ಹೊತ್ತು ನನ್ನ ಮುಂದೆಯೇ ಓಡಾಡತೊಡಗಿದ. ಏಪ್ರಿಲ್‌ಗೆ ಅವನ ಒಪ್ಪಂದ ಮುಗಿಯುವುದಿತ್ತು. ಹೆಲ್ಪರ್ ಎಂಬ ಕಾಗದ ಹಿಡಿದು ಊರಿಗೆ ಹೋದವನನ್ನು ಮುಂದೆ ಯಾವ ದೇಶದವರೂ ವೆಲ್ಡರ್ ಎಂದು ಕರೆಸಿಕೊಳ್ಳುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಫೆಬ್ರವರಿಯಲ್ಲಿ ಹೊಸ ವೆಲ್ಡರುಗಳ ಕೈ ಪರೀಕ್ಷಿಸಲು ಕಂಪನಿ ನನ್ನನ್ನು ಹನೋಯಿಗೆ ಕಳುಹಿಸಿತು. ಅದು ಹೇಗೋ ಅವನ ಕಿವಿಗೆ ಬಿತ್ತು. ಹೊರಡುವ ಮುನ್ನಾದಿನ ದೊಡ್ಡ ಹುಲಿಯ ಚಿತ್ರವಿದ್ದ ಕಂಬಳಿಯ ಗಂಟೊಂದನ್ನು ತಂದು ಎದುರಿಗಿಟ್ಟ. "ಸರ್, ಮೈ ಹೌಸ್, ಮೌಂಟನ್. ಮಾಮಾ ಬಹುತ್ ಠಂಡಾ. ಪ್ಲೀಸ್" ಎಂದ. ಮಾಮಾ ಅಂದರೆ ಅವನ ತಾಯಿ. ಅವನಿಗೆ ಇಲ್ಲ ಎನ್ನುವ ಮುಖ ನನಗಿರಲಿಲ್ಲ. ಮನೆಯಲ್ಲಿ ಹೆಂಡತಿ, "ಅಲ್ಲೆ ನಿಮಗ ಉಣ್ಣಾಕ ಏನ ಸಿಗತೈತೋ ಏನೋ" ಎಂದು ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. ನಾನು ಮಾಂಸ ಮುಟ್ಟುವವನಲ್ಲ.

ಪರೀಕ್ಷೆಗಳು ಮುಗಿದ ಮೇಲೆ ನಾಲ್ಕು ದಿನ ಉಳಿದಿದ್ದವು. ಮಲಗಿಬಿಡೋಣ ಅನ್ನಿಸಿತ್ತು. ಮೂಲೆಯಲ್ಲಿ ಹುಲಿ ನೋಡುತ್ತಿತ್ತು. ಬೈದುಕೊಳ್ಳುತ್ತಲೇ ಹೊರಟೆ. ಅವನ ಊರು ಹಾ ಜಾಂಗ್ ಪ್ರಾಂತ್ಯದಲ್ಲಿ, ಚೀನಾದ ಗಡಿಗೆ ಹತ್ತಿಕೊಂಡಂತೆ. ಮೊದಲ ದಿನವೆಲ್ಲ ದೊಡ್ಡ ಬಸ್ಸು, ಮರುದಿನ ಬೆಳಗ್ಗೆ ಸಣ್ಣ ಬಸ್ಸು. ಬಂಡೆಬೆಟ್ಟಗಳ ಹೊಟ್ಟೆ ಕೊರೆದು ಮಾಡಿದ ರಸ್ತೆ, ತಿರುವಿನ ಮೇಲೆ ತಿರುವು. ಹನ್ನೆರಡು ವರ್ಷ ಚಪ್ಪಟೆ ಮರಳು ನೋಡಿದ ಕಣ್ಣಿಗೆ ಆ ಇಳಿಜಾರು ತಲೆ ಸುತ್ತಿಸಿತು. ಕಂಬಳಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತೆ.

ಬಸ್ಸಿಳಿದಾಗ ಅವನ ತಂಗಿ ಕಾಯುತ್ತಿದ್ದಳು, ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಮನೆ ಮಣ್ಣಿನ ಗೋಡೆಯದು, ಒಳಗೆ ಹೊಗೆಗೆ ಕಪ್ಪಾದ ತೊಲೆಗಳು. ತಾಯಿ ನನ್ನ ಎದೆಯೆತ್ತರಕ್ಕೂ ಇರಲಿಲ್ಲ. ಕಂಬಳಿ ಬಿಚ್ಚಿ ಹುಲಿಯನ್ನು ನೋಡಲೇ ಇಲ್ಲ, ಬಟ್ಟೆಗೆ ಮೂಗು ಒತ್ತಿ ಬಹಳ ಹೊತ್ತು ಮೂಸಿದಳು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಒಲೆಯ ಸುತ್ತ ಗಿಡ್ಡ ಮಣೆಗಳ ಮೇಲೆ ಕೂತೆವು. ಮೊದಲು ಬಂದದ್ದು ಗೋವಿನಜೋಳವನ್ನು ಬೀಸುವ ಕಲ್ಲಿನಲ್ಲಿ ಒಡೆದು, ಎರಡು ಸಲ ಹಬೆಯಲ್ಲಿ ಬೇಯಿಸಿದ ಹಳದಿ ನುಚ್ಚು. ಜೊತೆಗೆ ಸಾಸಿವೆ ಸೊಪ್ಪಿನ ತಿಳಿಸಾರು, ಕರಿದ ತೋಫು, ಶೇಂಗಾ ಎಳ್ಳು ಹುರಿದು ಉಪ್ಪು ಹಾಕಿ ಕುಟ್ಟಿದ ಪುಡಿ. ಆ ಪುಡಿ ನೋಡಿ ನನಗೆ ನಗು ಬಂತು. ಚೀಲದಿಂದ ನಮ್ಮ ಚಟ್ನಿಪುಡಿ ತೆಗೆದು ಪಕ್ಕದಲ್ಲಿಟ್ಟೆ. ತಾಯಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು, ಕೆಮ್ಮಿದಳು, ಕಣ್ಣು ಒರೆಸಿಕೊಂಡಳು, ಇನ್ನೊಂದು ಚಿಟಿಕೆ ತೆಗೆದುಕೊಂಡಳು. ಎಷ್ಟೋ ದಿನಗಳ ಮೇಲೆ ನನಗೆ ನಿಜವಾದ ಹಸಿವು ಹುಟ್ಟಿತು. ಬಟ್ಟಲು ಖಾಲಿಯಾದರೆ ಅವಳು ತುಂಬುತ್ತಿದ್ದಳು. ತುಂಬಿದ್ದನ್ನು ಬಿಡಬಾರದೆಂದು ನಾನು ಖಾಲಿ ಮಾಡುತ್ತಿದ್ದೆ. ಮೂರನೆಯ ಬಟ್ಟಲಿಗೆ ಅಡ್ಡ ಕೈ ಹಿಡಿದೆ. ಅವಳು ಕೈ ಸರಿಸಿ ಬಡಿಸಿದಳು. ನಮ್ಮ ಕಡೆ ಹೆಂಗಸರದೂ ಇದೇ ರೋಗ.

ಕಡೆಗೆ ಬಂದದ್ದು ಕಂದು ಬಣ್ಣದ ಗಂಜಿ. ಬೆಟ್ಟದ ಒಂದು ಗೆಡ್ಡೆಯದು. ಬಾಯಿಗಿಟ್ಟರೆ ಬೇವಿನಷ್ಟಲ್ಲದಿದ್ದರೂ ಕಹಿ.

"ಈ ಗೆಡ್ಡೆ ಹಾಗೇ ತಿಂದರೆ ವಿಷ" ಎಂದಳು ತಂಗಿ. "ಅಕ್ಕಿ ತೊಳೆದ ನೀರಲ್ಲಿ ನೆನೆಸಿ, ಗಂಟೆಗಟ್ಟಲೆ ಸಣ್ಣ ಕಾವಿನಲ್ಲಿ ಬೇಯಿಸಬೇಕು. ಕಾವು ತಪ್ಪಬಾರದು. ಅಮ್ಮ ನಿನ್ನೆಯಿಂದ ಒಲೆ ಬಿಟ್ಟು ಎದ್ದಿಲ್ಲ. ಮಾಮೂಲಿಗೆ ಹಂದಿ ಕಾಲು ಹಾಕುತ್ತೇವೆ. ನೀವು ತಿನ್ನುವುದಿಲ್ಲ ಎಂದು ಅಣ್ಣ ಫೋನಿನಲ್ಲಿ ಹೇಳಿದ್ದ."

"ಇಷ್ಟು ಕಷ್ಟ ಯಾಕೆ ಪಟ್ಟಿರಿ?" ಎಂದೆ.

"ಇದು ದಣಿದ ಮೈಗೆ ಔಷಧಿ. ಬರುವವರು ಎಂಥವರು ಎಂದು ಅಮ್ಮ ಕೇಳಿದಳು. ಬಹಳ ದಣಿದ ಮನುಷ್ಯ ಎಂದ ಅಣ್ಣ."

ಚಮಚ ಬಟ್ಟಲಲ್ಲೇ ನಿಂತಿತು. ಕಾವು ತಪ್ಪಬಾರದೆಂದು ಒಂದು ಗಂಜಿಗಾಗಿ ಎರಡು ದಿನ ಒಲೆ ಕಾದವಳು ಇವಳು. ಇನ್ನೂರು ಹೆಜ್ಜೆ ನಡೆದು ಒಂದು ಓವನ್ ಮುಟ್ಟಿ ನೋಡದವನು ನಾನು. ತಾಯಿ ಮಗಳ ಕಡೆ ತಿರುಗಿ ಏನೋ ಕೇಳಿದಳು.

"ಅಣ್ಣನ ಬೆಸುಗೆ ಗಟ್ಟಿ ಇರುತ್ತದೆಯೇ ಎಂದು ಕೇಳುತ್ತಿದ್ದಾಳೆ. ಅದನ್ನು ನೋಡುವವರು ನೀವೇ ಅಂತಲ್ಲ?"

ಮಗ ಹೆಲ್ಪರ್ ಆದದ್ದನ್ನು ಮನೆಯಲ್ಲಿ ಹೇಳಿರಲಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ನಾನು ಉಣ್ಣುವ ಮೊದಲೇ ಬಗೆದಿದ್ದೆ. "ಗಟ್ಟಿ. ನಾನು ನೋಡಿದವುಗಳಲ್ಲೇ ಗಟ್ಟಿ" ಎಂದೆ. ಅದು ಸುಳ್ಳಾಗಿರಲಿಲ್ಲ, ಸುಳ್ಳಿದ್ದದ್ದು ನನ್ನ ಸಹಿಯಲ್ಲಿ. ನಾಚಿಕೆಯಿಂದ ತಲೆ ತಗ್ಗಿಸಿ ಗಂಜಿ ಮುಗಿಸಿದೆ. ಅವಳು ಇನ್ನೊಂದು ಬಟ್ಟಲು ಬಡಿಸಿದಳು. ಅದನ್ನೂ ಮುಗಿಸಿದೆ.

ಕುವೈತಿಗೆ ಮರಳಿದ ಮಾರನೆಯ ದಿನವೇ ಆ ಮೂರು ಜಾಯಿಂಟುಗಳ ಬಗ್ಗೆ ಬರೆದುಕೊಟ್ಟೆ. ರಾಡುಗಳು ತೇವವಾಗಿದ್ದವು, ತಪ್ಪು ವೆಲ್ಡರಿನದಲ್ಲ, ನಾನು ಪರಿಶೀಲಿಸಲಿಲ್ಲ, ಗೊತ್ತಾದ ಮೇಲೂ ಸುಮ್ಮನಿದ್ದೆ. ಮ್ಯಾನೇಜರು ಬಾಯಿಗೆ ಬಂದಂತೆ ಬೈದ. ನನಗೊಂದು ಎಚ್ಚರಿಕೆಯ ಪತ್ರ, ಸ್ಟೋರಿನವನಿಗೊಂದು. ಅವನನ್ನು ಮನೆಗೆ ಕಳಿಸಲಿಲ್ಲ, ಆದರೆ ಶುಕ್ರವಾರ ನಮ್ಮಲ್ಲಿಗೆ ಬರುವುದನ್ನು ಅವನೇ ನಿಲ್ಲಿಸಿದ. ಹೆಂಡತಿ ಎರಡು ವಾರ ಅವನ ಪಾಲಿನ ರೊಟ್ಟಿಯನ್ನೂ ಬಡಿದು, ಆಮೇಲೆ ಬಿಟ್ಟಳು. ನಲವತ್ತೇಳಕ್ಕೆ ಮರುಪರೀಕ್ಷೆ ನಿಗದಿಯಾಯಿತು.

ಪರೀಕ್ಷೆಯ ಬೆಳಗ್ಗೆ ಅವನು ಮೊದಲು ಸ್ಟೋರಿಗೆ ಹೋಗಿ ಓವನ್ನಿಗೆ ಅಂಗೈ ತಾಗಿಸಿ ನೋಡಿದ. ನಾನು ಹಿಂದೆಯೇ ಹೋದೆ. "ಆ ದಿನ ಓವನ್ ಆರಿತ್ತು. ನನಗೆ ಮರುದಿನವೇ ಗೊತ್ತಾಗಿತ್ತು" ಎಂದಷ್ಟೇ ಹೇಳಿದೆ.

"ಐ ನೋ, ಸರ್" ಎಂದ, ರಾಡುಗಳನ್ನು ಆರಿಸುತ್ತ. "ಓವನ್ ನೋ ಗರಂ. ಐ ನೋ, ಯೂ ನೋ."

"ಮತ್ತೆ ನನ್ನನ್ನೇ ಯಾಕೆ ಮನೆಗೆ ಕಳಿಸಿದೆ?"

ಅವನು ಪರೀಕ್ಷೆಯ ಪೈಪಿನ ಬಳಿಗೆ ಬಂದು ಮುಖಕ್ಕೆ ಮಾಸ್ಕ್ ಇಳಿಸಿಕೊಂಡ. ಕಪ್ಪು ಗಾಜಿನ ಹಿಂದಿನಿಂದ, "ಮಾಮಾ ಗಂಜಿ, ಸರ್," ಎಂದ, "ಯೂ ಫಿನಿಶ್?"

"ಎರಡು ಬಟ್ಟಲು" ಎಂದೆ.

ತಲೆಯಾಡಿಸಿ, ಬಗ್ಗಿ, ಪೈಪಿಗೆ ರಾಡು ಮುಟ್ಟಿಸಿದ.