ಬೀಳಲು ಒಪ್ಪದ ಹಮಾಲ

ಅರವತ್ತರ ದಶಕದ ಮೊದಲಲ್ಲಿ ನಾನು ಬನವಾಸಿಯ ಗರಡಿಯಲ್ಲಿ ಎರಡು ವರ್ಷ ಕುಸ್ತಿ ಕಲಿತೆ. ನಾನು ಪಟ್ಟು ಹಾಕಿದರೆ ಜೊತೆಗಾರರು ಕಲಿಕೆಯ ರೂಢಿಯಂತೆ ತಾವಾಗಿಯೇ ಬೀಳುತ್ತಿದ್ದರು. ನಾನು ಪೈಲ್ವಾನನೆಂದೇ ನಂಬಿದ್ದೆ.

ಒಂದು ಬೆಳಿಗ್ಗೆ ಕುಸ್ತಿ ಕಲಿಸುತ್ತಿದ್ದ ಉಸ್ತಾದರು ಸಂತೆಯಲ್ಲಿ ಮೂಟೆ ಹೊರುವ ಹಮಾಲನೊಬ್ಬನನ್ನು ಅಖಾಡಕ್ಕೆ ಇಳಿಸಿ, ಅವನಿಗೆ "ಸುಮ್ನ ಬೀಳಬ್ಯಾಡ, ಖರೇನ ಹಿಡಿ" ಎಂದರು. ನಾನು ಅವನ ಕಾಲಿಗೆ ಕೈ ಹಾಕುವಷ್ಟರಲ್ಲಿ ಅವನ ಮೊಣಕೈ ನನ್ನ ಮೂಗಿಗೆ ಬಡಿದು ರಕ್ತ ಸುರಿಯಿತು. ಕವುಚಿ ಬಿದ್ದ ನನ್ನ ಕತ್ತಿನ ಮೇಲೆ ಮಂಡಿಯೂರಿ ತೋಳು ತಿರುಚಿದ. ಭುಜ ಲಟಕ್ಕೆಂದಿತು. ಬಾಯಲ್ಲಿ ಮಣ್ಣು ತುಂಬಿ ಕೂಗಲಾಗದೆ, ಸೋತೆನೆಂದು ಕೈಯಿಂದ ನೆಲ ಬಡಿದೆ.

"ಎರಡು ವರ್ಷ ಕಲ್ತಿದ್ದು ಏನ್ರಿ ಹಂಗಾರ?" ಎಂದು ಅಳುತ್ತ ಕೇಳಿದೆ.

"ಬೀಳಾವ್ರನ್ನ ಕೆಡವೋದು ಕಲ್ತಿ. ಇನ್ನ ಬೀಳಲಾರದಾವ್ರ ಕೂಡ ಹಿಡಿ" ಎಂದರು ಉಸ್ತಾದರು.

ಭುಜ ಕೂಡಿದ ಮೇಲೆ ಆ ಹಮಾಲನನ್ನು ನಾನೇ ಹುಡುಕಿಕೊಂಡು ಹೋದೆ. ವರ್ಷವಿಡೀ ಸೋತು, ಒಂದು ಸಲ ಅವನನ್ನು ಕೆಡವಿದೆ. ಆ ದಿನ ಅವನ ಹಲ್ಲೊಂದು ಮುರಿಯಿತು. ಅವನು ಉಗುಳಿ ನಕ್ಕ.